ಹಿಡಿದು ನಡೆಸಿದ ಕೈ

ತನ್ನ ಮಗಳು ಹೈಸ್ಕೂಲು ಸೇರಿದ ವರ್ಷವೇ ಸೊಸೆ ಮತ್ತೆ ಕಾಲೇಜಿಗೆ ಹೊರಟಾಗ ಅತ್ತೆ ಬೇಡವೆನ್ನಲಿಲ್ಲ. ಏನು ಓದುತ್ತೀ ಎಂದಷ್ಟೇ ಕೇಳಿದರು. ನರ್ಸಿಂಗಿನಲ್ಲಿ ಸ್ನಾತಕೋತ್ತರ ಪದವಿ, ಅದರ ಜೊತೆಗೇ ವೈದ್ಯಕೀಯ ನೀತಿಶಾಸ್ತ್ರದಲ್ಲೂ ಒಂದು, ಎರಡೂ ಒಟ್ಟಿಗೆ ಎಂದಳು ಸೊಸೆ. ಆಸ್ಪತ್ರೆಯಲ್ಲಿ ಮಾಡಲು ಸಾಧ್ಯವಿರುವುದನ್ನೆಲ್ಲ ಮಾಡಲೇಬೇಕೇ, ಯಾರನ್ನು ಕೇಳಿ ಮಾಡಬೇಕು, ಬೇಡವೆನ್ನುವ ಹಕ್ಕು ಯಾರದು, ಇದನ್ನೆಲ್ಲ ಕಲಿಸುವ ಶಾಸ್ತ್ರ ಎಂದು ಬಿಡಿಸಿಯೂ ಹೇಳಿದಳು. ಅತ್ತೆ, "ಇದೇ ಪ್ರಶ್ನೆಗಳನ್ನ ನಾನು ಈ ಮನೇಲಿ ಮದುವೆಯಾಗಿ ಬಂದಾಗಿನಿಂದ ಕೇಳ್ತಿದ್ದೀನಿ. ನನಗೆ ಯಾರೂ ಸರ್ಟಿಫಿಕೇಟು ಕೊಡಲಿಲ್ಲ" ಎಂದರು.

ಆಸ್ಪತ್ರೆಯಲ್ಲಿ ಸೊಸೆಯನ್ನು ಎಲ್ಲರೂ ಕರೆಯುತ್ತಿದ್ದುದು ದೊಡ್ಡ ಸಿಸ್ಟರ್ ಎಂದು. ತೀವ್ರ ನಿಗಾ ಘಟಕದಲ್ಲಿ ವರ್ಷಗಟ್ಟಲೆ ದುಡಿದವಳು. ಉಸಿರಿನ ಯಂತ್ರದ ಸದ್ದಿನಲ್ಲೇ ರೋಗಿಯ ಹದ ತಿಳಿಯುವಷ್ಟು ಪಳಗಿದ ಕಿವಿ ಅವಳದು. ಆದರೆ ಹಾಸಿಗೆಯ ಆಚೆಗೊಬ್ಬ ಈಚೆಗೊಬ್ಬ ಮಗ ನಿಂತು, ಅಪ್ಪನಿಗೆ ಉಸಿರಿನ ನಳಿಕೆ ಹಾಕಿಸಿ ಎಂದು ಒಬ್ಬ, ಬೇಡ ಎಂದು ಇನ್ನೊಬ್ಬ ಜಗಳವಾಡುವಾಗ, ನಡುವೆ ಮಲಗಿದ್ದವನ ಕಣ್ಣು ತನ್ನನ್ನೇ ನೋಡುತ್ತಿದ್ದುದಕ್ಕೆ ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದಕ್ಕೇ ಕಾಲೇಜು.

ಬೆಳಿಗ್ಗೆ ನರ್ಸಿಂಗ್ ತರಗತಿ, ಮಧ್ಯಾಹ್ನ ನೀತಿಶಾಸ್ತ್ರ. ನೀತಿ ಕಲಿಸುವವರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು 'ಆದರೆ ಮೇಷ್ಟ್ರು'. ಯಾರು ಏನೇ ಉತ್ತರ ಹೇಳಿದರೂ ತಲೆಯಾಡಿಸಿ, ಪೂರ್ತಿ ಒಪ್ಪಿದಂತೆ ಮುಖ ಮಾಡಿ, ಕೊನೆಗೆ "ಆದರೆ" ಎನ್ನುತ್ತಿದ್ದರು. ಮೊದಮೊದಲು ಅವಳಿಗೆ ತಲೆ ಚಿಟ್ಟು ಹಿಡಿಯಿತು. ವಾರ್ಡಿನಲ್ಲಿ ತಡಮಾಡಿದರೆ ಪ್ರಾಣ ಹೋಗುತ್ತದೆ. ಇಲ್ಲಿ ನೋಡಿದರೆ ಅವಸರಪಟ್ಟರೇ ತಪ್ಪು.

ಎರಡನೆಯ ವರ್ಷ ಅವಳನ್ನು ಕೈ ಕಸಿ ಮಾಡುವ ವಿಭಾಗಕ್ಕೆ ಹಾಕಿದರು. ಮೂತ್ರಪಿಂಡ, ಯಕೃತ್ತು ಕಸಿ ಮಾಡಿದ್ದನ್ನು ಅವಳು ಬೇಕಾದಷ್ಟು ಕಂಡಿದ್ದಳು. ಕೈ ಕಂಡಿರಲಿಲ್ಲ. ಅಲ್ಲಿದ್ದ ರೋಗಿ ಒಬ್ಬಳು ಟೈಲರ್, ಮೂವತ್ತು ದಾಟಿದ ಹೆಂಗಸು. ಮಹಡಿಯ ಮೇಲೆ ಒದ್ದೆ ಬಟ್ಟೆ ಹರವುವಾಗ ವಿದ್ಯುತ್ ತಂತಿ ತಗುಲಿ ಎರಡೂ ಕೈ ಮಣಿಕಟ್ಟಿನವರೆಗೆ ಸುಟ್ಟುಹೋಗಿದ್ದವು. ಆಮೇಲೆ ಕೆಲವು ವರ್ಷ ಕೈಯಿಲ್ಲದೆ ಬದುಕಿ, ಈಗ ಬೇರೆ ಯಾರದೋ ಕೈಗಳನ್ನು ಪಡೆದಿದ್ದಳು.

ಮೊದಲ ದಿನ ಪಟ್ಟಿ ಬಿಚ್ಚಿದಾಗ ದೊಡ್ಡ ಸಿಸ್ಟರ್ ಬಾಗಿ ನೋಡಿದಳು. ತೆಳ್ಳಗಿನ ಹೆಣ್ಣಿನ ತೋಳು. ಮಣಿಕಟ್ಟಿನ ಬಳಿ ಬಳೆ ತೊಟ್ಟಂತೆ ಹೊಲಿಗೆಯ ಗೆರೆ. ಅದರಾಚೆ ಒಂದು ಛಾಯೆ ಕಪ್ಪಾದ, ಅಗಲವಾದ, ಬೆರಳ ಗೆಣ್ಣಿನ ಮೇಲೆ ಕೂದಲಿದ್ದ ಗಂಡಸಿನ ಕೈ. ಉಗುರನ್ನು ಒತ್ತಿದಳು. ಬೆಳ್ಳಗಾಯಿತು, ಬಿಟ್ಟೊಡನೆ ಕೆಂಪೇರಿತು. ಈ ರಕ್ತ ಇವಳದು, ಈ ಉಗುರು ಇನ್ನೊಬ್ಬನದು. ಅವಳು ಮತ್ತೊಮ್ಮೆ ಒತ್ತಿದಳು. ಪರೀಕ್ಷೆಗೆ ಒಂದು ಸಲ ಸಾಕಿತ್ತು, ಎರಡನೆಯದು ಬೆರಗಿಗೆ.

"ಸಿಸ್ಟರ್, ನೋಡಿ ಹೆದರಬೇಡಿ. ಮೊದಲ ವಾರ ನಾನೇ ದಿಂಬಿನ ಕೆಳಗೆ ಬಚ್ಚಿಡ್ತಿದ್ದೆ" ಎಂದಳು ಟೈಲರ್.

ಬೆರಳುಗಳು ಆಗಲೇ ಅಲುಗುತ್ತಿದ್ದವು. ಬೆರಳನ್ನು ಎಳೆಯುವ ಸ್ನಾಯು ಅವಳ ತೋಳಿನಲ್ಲೇ ಇದ್ದುದರಿಂದ ಅಲುಗಾಟ ಬೇಗ ಬಂದಿತ್ತು. ಸ್ಪರ್ಶ ಮಾತ್ರ ಬಂದಿರಲಿಲ್ಲ. ಕತ್ತರಿಸಿಹೋದ ನರ ಹೊಸ ಕೈಯೊಳಗೆ ದಾರಿ ಹುಡುಕಿಕೊಂಡು ಬೆಳೆಯಬೇಕು, ಅದೂ ದಿನಕ್ಕೆ ಪೆನ್ಸಿಲ್ ಗೆರೆಯ ದಪ್ಪದಷ್ಟು. ದೊಡ್ಡ ಸಿಸ್ಟರ್ ದಿನಾ ಹತ್ತಿಯ ಎಳೆಯಿಂದ ಅಂಗೈ ಸವರಿ, ಗೊತ್ತಾಯಿತೇ ಎಂದು ಕೇಳುವಳು. ಕಣ್ಣು ಮುಚ್ಚಿ ಕುಳಿತ ಟೈಲರ್ ಇಲ್ಲ ಎನ್ನುವಳು. ಇಬ್ಬರಿಗೂ ಇದು ಬಾಗಿಲು ತಟ್ಟಿ ಕಾಯುವ ಕೆಲಸದಂತಾಗಿತ್ತು.

ಹೀಗಿರುವಾಗ ಅಂಗದಾನದ ಸಂಯೋಜಕರ ಬಳಿಗೆ ಒಬ್ಬ ಹೆಂಗಸು ಬಂದಳು. ಕೈ ಕೊಟ್ಟವನ ತಾಯಿ. ಅವಳು ಬಸ್ ಕಂಡಕ್ಟರ್. ಬೈಕಿನಿಂದ ಬಿದ್ದು ಮಿದುಳು ಸತ್ತ ಒಬ್ಬನೇ ಮಗನ ಅಂಗಗಳನ್ನೆಲ್ಲ ಕೊಡಲು ಒಪ್ಪಿದ್ದವಳು. ಈಗ ಆ ಕೈಗಳನ್ನು ಒಂದು ಸಲ ಹಿಡಿಯಬೇಕು, ಆಗುತ್ತದೆಯೇ ಎಂದು ಕೇಳಿದ್ದಳು.

ಕೊಟ್ಟವರು ಯಾರು, ಪಡೆದವರು ಯಾರು ಎಂದು ಪರಸ್ಪರ ತಿಳಿಸಬಾರದೆಂಬುದು ಆ ಆಸ್ಪತ್ರೆಯ ನಿಯಮ. ವಿಷಯ ನೀತಿ ಸಮಿತಿಗೆ ಬಂತು. ಶಸ್ತ್ರವೈದ್ಯರಿಗೆ ಸುತರಾಂ ಇಷ್ಟವಿರಲಿಲ್ಲ. ರೋಗಿ ಈಗಷ್ಟೇ ಆ ಕೈಯನ್ನು ಒಪ್ಪಿಕೊಳ್ಳುತ್ತಿದ್ದಾಳೆ, ಮನಸ್ಸು ಕೆಟ್ಟು ಕಸಿ ಉಳಿಸುವ ಮಾತ್ರೆ ಬಿಟ್ಟರೆ ದೇಹವೂ ಕೈಯನ್ನು ತಳ್ಳಿಬಿಡುತ್ತದೆ ಎಂದರು. ಸಮಾಜ ಕಾರ್ಯಕರ್ತೆ, ಆ ತಾಯಿಯ ಮುಖಕ್ಕೆ ಬಾಗಿಲು ಹಾಕುವುದು ಯಾವ ನೀತಿ ಎಂದರು. ಕೊನೆಗೆ, ತಾಯಿ, ರೋಗಿ ಇಬ್ಬರನ್ನೂ ಬೇರೆಬೇರೆಯಾಗಿ ಕಂಡು ಮಾತಾಡಿಕೊಂಡು ಬರುವ ಕೆಲಸ ವಿದ್ಯಾರ್ಥಿನಿಯಾದ ದೊಡ್ಡ ಸಿಸ್ಟರ್ ಪಾಲಿಗೆ ಬಂತು. ಸಮಿತಿಯಲ್ಲಿದ್ದ 'ಆದರೆ ಮೇಷ್ಟ್ರು' ಅವಳನ್ನು ಹೊರಗೆ ಕರೆದು ಒಂದೇ ಮಾತು ಹೇಳಿದರು: ನಿಮಗೆ ಯಾವ ಉತ್ತರ ಬೇಕು ಅನ್ನೋದು ಕೇಳೋ ಧಾಟಿಯಲ್ಲೇ ಗೊತ್ತಾಗಿಬಿಡುತ್ತೆ, ಜೋಪಾನ.

ಕಂಡಕ್ಟರನ್ನು ಅವಳು ಕಂಡದ್ದು ಡಿಪೋದ ವಿಶ್ರಾಂತಿ ಕೋಣೆಯಲ್ಲಿ. ಪಾಳಿ ಮುಗಿಸಿ, ಹೆಗಲ ಚೀಲವನ್ನು ಇನ್ನೂ ಇಳಿಸದೆ, ಬೆಂಚಿನ ತುದಿಗೆ ಕುಳಿತಿದ್ದಳು. ನಿಂತೇ ಅಭ್ಯಾಸವಾದ ಕಾಲುಗಳು, ಕುಳಿತರೂ ನೆಲಕ್ಕೆ ಊರಿಕೊಂಡೇ ಇದ್ದವು. ಮಗನ ಬಗ್ಗೆ ಹೆಚ್ಚು ಹೇಳಲಿಲ್ಲ. ಗಡಿಯಾರ ರಿಪೇರಿ ಮಾಡುತ್ತಿದ್ದನಂತೆ. ಅಷ್ಟು ದಪ್ಪ ಬೆರಳಲ್ಲಿ ಅಷ್ಟು ಸಣ್ಣ ತಿರುಪು ಹೇಗೆ ಹಿಡಿಯುತ್ತಾನೋ ಎಂದು ಬಸ್ಸಿನವರೆಲ್ಲ ಆಡಿಕೊಳ್ಳುತ್ತಿದ್ದರಂತೆ.

"ಗುಂಡಿಗೆ ಕೊಡ್ತೀರಾ ಅಂದ್ರು, ಕೊಟ್ಟೆ. ಮೂತ್ರಪಿಂಡ ಅಂದ್ರು, ಅದಕ್ಕೂ ಹೂಂ ಅಂದೆ. ಒಳಗಿರೋದನ್ನ ನಾನು ಯಾವತ್ತೂ ನೋಡಿರಲಿಲ್ಲ ಸಿಸ್ಟರ್, ಕೊಡೋದು ಕಷ್ಟ ಆಗಲಿಲ್ಲ. ಆಮೇಲೆ ಕೈ ಅಂದ್ರು." ಅವಳು ಚೀಲದ ಪಟ್ಟಿಯನ್ನು ಸರಿಮಾಡಿಕೊಂಡಳು. "ಅದು ನಾನು ಹಿಡಿದು ನಡೆಸಿದ ಕೈ. ರಸ್ತೆ ದಾಟಿಸಿದ ಕೈ. ಸ್ವಲ್ಪ ಹೊತ್ತು ಬಿಡಿ ಅಂದೆ. ಆಮೇಲೆ ನನಗೇ ಅನ್ನಿಸ್ತು, ಕೈಯಿಲ್ಲದೋರು ಯಾರೋ ಕಾಯ್ತಿರ್ತಾರೆ, ಅವರಿಗೆ ಊಟ ಯಾರು ಮಾಡಿಸ್ತಾರೋ ಅಂತ."

ದೊಡ್ಡ ಸಿಸ್ಟರ್‌ಗೆ, ಆಗಲಿ, ಏರ್ಪಾಡು ಮಾಡುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಕಷ್ಟಪಟ್ಟು ನುಂಗಿಕೊಂಡಳು. ಅವರನ್ನು ಕೇಳುತ್ತೇನೆ ಎಂದಷ್ಟೇ ಹೇಳಿ ಎದ್ದಳು.

ಟೈಲರ್ ಆ ಹೊತ್ತಿಗೆ ಫಿಜಿಯೋಥೆರಪಿ ಕೋಣೆಯಲ್ಲಿ ಪ್ಲಾಸ್ಟಿಕ್ ಲೋಟಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ದೊಡ್ಡ ಸಿಸ್ಟರ್ ಎಷ್ಟು ಸಾಧ್ಯವೋ ಅಷ್ಟು ಸಪ್ಪೆಯಾಗಿ ವಿಷಯ ತಿಳಿಸಿದಳು. ಕೊಟ್ಟವರ ಕಡೆಯವರೊಬ್ಬರು ಭೇಟಿಗೆ ಕೇಳಿದ್ದಾರೆ, ಹೂಂ ಎನ್ನಬಹುದು, ಉಹೂಂ ಎನ್ನಬಹುದು, ಎರಡರಲ್ಲಿ ಯಾವುದಕ್ಕೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಟೈಲರ್ ಕೈಯಲ್ಲಿದ್ದ ಲೋಟ ಉರುಳಿತು. ಅದನ್ನು ತಾನೇ ಎತ್ತಲು ಬಹಳ ಹೊತ್ತು ಹಿಡಿಯಿತು. ದೊಡ್ಡ ಸಿಸ್ಟರ್ ಸಹಾಯಕ್ಕೆ ಹೋಗಲಿಲ್ಲ.

"ಬೇಡ ಸಿಸ್ಟರ್" ಎಂದಳು ಕೊನೆಗೆ. "ಇದನ್ನ ನೋಡಿದಾಗೆಲ್ಲ ಯಾರೋ ಬಂದು ಪಕ್ಕದಲ್ಲಿ ಕೂತ ಹಾಗಿರ್ತಿತ್ತು. ಈಗೀಗ ಇಲ್ಲ. ಈಗ ಅವರು ಬಂದು ಹಿಡ್ಕೊಂಡ್ರೆ ಮತ್ತೆ ಅವರದಾಗಿಬಿಡುತ್ತೆ. ನಾನು ಕೆಟ್ಟವಳು ಅಂತ ಅಂದ್ಕೋಬೇಡಿ."

ಹಾಗೆ ಅಂದುಕೊಳ್ಳಲಿಲ್ಲ ದೊಡ್ಡ ಸಿಸ್ಟರ್. ಸಮಿತಿಯ ಮುಂದೆ ಎದ್ದು ನಿಂತು, ಕೇಳಿದವರ ಆಸೆ ನ್ಯಾಯವಾದದ್ದು, ಬೇಡವೆಂದವರ ಮಾತೂ ನ್ಯಾಯವಾದದ್ದು, ಎರಡೂ ನ್ಯಾಯವಾದಾಗ ಯಾರ ಮೈಗೆ ಸೇರಿದ್ದೋ ಅವರ ಮಾತು ನಡೆಯಬೇಕು ಎಂದಳು. ಸಮಿತಿ ಒಪ್ಪಿತು. ಡಿಪೋಗೆ ಅವಳು ತಾನೇ ಮತ್ತೆ ಹೋದಳು. ಈ ಸುದ್ದಿಯನ್ನು ಫೋನಿನಲ್ಲಿ ಹೇಳಿಬಿಡಬಹುದಿತ್ತು. ಹೇಳಬಾರದೆನಿಸಿತು.

ಕಂಡಕ್ಟರ್ ಪೂರ್ತಿ ಕೇಳಿಸಿಕೊಂಡಳು. ಹೊರಗೆ ಒಂದು ಬಸ್ಸು ಹಿಂದಕ್ಕೆ ಸರಿಯುತ್ತಿತ್ತು, ಯಾರೋ ಬರಲಿ ಬರಲಿ ಎಂದು ಅದರ ಮೈ ತಟ್ಟುತ್ತಿದ್ದರು. ಆ ಸದ್ದು ನಿಂತ ಮೇಲೆ ಅವಳು ಮಾತಾಡಿದಳು.

"ಸರಿಯಾಗೇ ಹೇಳಿದ್ದಾರೆ. ಕೊಟ್ಟ ಮೇಲೆ ಅದು ಅವರದು. ಸೀಟು ಬಿಟ್ಟುಕೊಟ್ಟು ಎದ್ದ ಮೇಲೆ, ಹೇಗೆ ಕೂತಿದ್ದೀರಿ ಅಂತ ತಿರುಗಿ ತಿರುಗಿ ನೋಡಬಾರದು." ಹಾಗೆಂದು ಸಣ್ಣಗೆ ನಕ್ಕಳು. ಆಮೇಲೆ ಕೇಳಿದಳು, "ಅವರಿಗೆ ಊಟ ಮಾಡೋಕೆ ಆಗುತ್ತಲ್ಲ?"

ಆಗುತ್ತದೆ ಎಂದಳು ದೊಡ್ಡ ಸಿಸ್ಟರ್. ಅದಕ್ಕಿಂತ ಹೆಚ್ಚು ಹೇಳುವ ಹಾಗಿರಲಿಲ್ಲ, ಹೇಳಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕುಳಿತವಳಿಗೆ, ಇಷ್ಟು ವರ್ಷ ಆಸ್ಪತ್ರೆಯಲ್ಲಿದ್ದೂ ಇಂಥದ್ದನ್ನು ಕಂಡಿರಲಿಲ್ಲವಲ್ಲ ಎನಿಸಿತು. ಇಳಿಯಬೇಕಾದ ನಿಲ್ದಾಣ ಯಾವಾಗ ದಾಟಿತೋ ತಿಳಿಯಲೇ ಇಲ್ಲ.

ತಿಂಗಳುಗಳು ಉರುಳಿದವು. ಟೈಲರ್ ಮನೆಗೆ ಹೋಗಿ, ವಾರಕ್ಕೊಮ್ಮೆ ತಪಾಸಣೆಗೆ ಬರತೊಡಗಿದಳು. ಕೈಯ ಬಣ್ಣ ಮೆಲ್ಲಗೆ ತಿಳಿಯಾಗುತ್ತಿತ್ತು, ಬೆರಳೂ ಕೊಂಚ ಸಣ್ಣಗಾದಂತೆ ಕಾಣುತ್ತಿತ್ತು. ವೈದ್ಯರು ಫೋಟೋ ತೆಗೆದು ಹೋಲಿಸಿ, ತಾವೇ ತಲೆ ಕೆರೆದುಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಟೈಲರ್ ಕೋಣೆಯೊಳಗೆ ಬಂದ ರೀತಿಯೇ ಬೇರೆಯಾಗಿತ್ತು. ಕೂರಲಿಲ್ಲ, ಚಪ್ಪಲಿ ಬಿಡುವುದನ್ನೂ ಮರೆತಿದ್ದಳು. ಮಗಳಿಗೆ ಜಡೆ ಹೆಣೆಯುತ್ತಿದ್ದೆ ಎಂದಳು. ಬೆರಳು ನೋಡಿಕೊಂಡೇ ಹೆಣೆಯುವುದು, ನೋಡದಿದ್ದರೆ ಎಳೆ ಜಾರಿಹೋಗುತ್ತದೆ. ಅಡುಗೆಮನೆಯಲ್ಲಿ ಏನೋ ಉಕ್ಕಿತೆಂದು ಅತ್ತ ತಿರುಗಿದಳಂತೆ. ತಿರುಗಿದಾಗಲೇ ಕೂದಲು ಒದ್ದೆಯಾಗಿದೆ ಎಂದು ಗೊತ್ತಾಯಿತಂತೆ.

"ತಣ್ಣಗಿತ್ತು ಸಿಸ್ಟರ್. ನಾನು ನೋಡ್ತಾ ಇರಲಿಲ್ಲ. ನನ್ನ ಮಗಳ ತಲೆ ತಣ್ಣಗಿತ್ತು."

ದೊಡ್ಡ ಸಿಸ್ಟರ್ ಹತ್ತಿಯ ಎಳೆ ತಂದಳು. ಕಣ್ಣು ಮುಚ್ಚಿಸಿ ತೋರುಬೆರಳಿನ ತುದಿಗೆ ಸವರಿದಳು. ಹೂಂ ಎಂದಳು ಟೈಲರ್. ಹೆಬ್ಬೆರಳಿಗೆ ಸವರಿದಳು. ಹೂಂ. ಸವರದೆಯೇ ಸುಮ್ಮನಿದ್ದಳು. ಈಗ ಏನೂ ಇಲ್ಲ ಎಂದಳು ಟೈಲರ್. ದೊಡ್ಡ ಸಿಸ್ಟರ್ ಹತ್ತಿಯನ್ನು ಕೆಳಗಿಟ್ಟು ಗೋಡೆಗೆ ಒರಗಿ ನಿಂತಳು. ದಿನಕ್ಕೊಂದು ಗೆರೆಯಷ್ಟು ನಡೆದು, ಯಾರದೋ ಕೈಯ ಕತ್ತಲಲ್ಲಿ ದಾರಿ ಕೇಳಿಕೊಂಡು, ನರ ಬೆರಳ ತುದಿಗೆ ಬಂದು ಮುಟ್ಟಿತ್ತು. ಪುಸ್ತಕದಲ್ಲಿ ಓದಿದ್ದಳು, ಪರೀಕ್ಷೆಯಲ್ಲಿ ಬರೆದೂ ಇದ್ದಳು. ಕಣ್ಣೆದುರು ಕಂಡಾಗ ಕೈಮುಗಿಯಬೇಕೆನಿಸಿತು, ಯಾರಿಗೆಂದು ತಿಳಿಯಲಿಲ್ಲ.

ಹೊರಡುವಾಗ ಟೈಲರ್ ಬಾಗಿಲಲ್ಲಿ ನಿಂತಳು. "ಅವತ್ತು ಭೇಟಿಗೆ ಕೇಳಿದ್ರಲ್ಲ, ಅವರಿಗೆ ಇನ್ನೂ ಇಷ್ಟ ಇದೆಯಾ ಕೇಳಿ. ಈಗ ಇದು ನನ್ನದಾಯ್ತು. ನನ್ನದಾದ ಮೇಲೆ ತಾನೆ ನಾನು ಅವರಿಗೆ ಹಿಡಿಯೋಕೆ ಕೈ ಕೊಡೋಕಾಗೋದು?"

ಸಮಿತಿ ಒಪ್ಪಿತು. ಆಸ್ಪತ್ರೆಯ ಹಿಂಬದಿಯ ಚಿಕ್ಕ ಕೋಣೆಯಲ್ಲಿ ಎರಡು ಕುರ್ಚಿ ಎದುರುಬದುರು ಹಾಕಿದರು. ಕಂಡಕ್ಟರ್ ಸಮವಸ್ತ್ರ ಬಿಟ್ಟು ಸೀರೆ ಉಟ್ಟು ಬಂದಿದ್ದಳು. ಬಾಗಿಲಲ್ಲೇ ನಿಂತವಳು ಮೊದಲು ನೋಡಿದ್ದು ಕೈಯನ್ನಲ್ಲ, ಟೈಲರ್ ಮುಖವನ್ನು. ಚೆನ್ನಾಗಿದ್ದೀಯೇನಮ್ಮ ಎಂದು ಕೇಳಿದಳು. ಟೈಲರ್ ಎರಡೂ ಕೈಗಳನ್ನು ಮುಂದೆ ಚಾಚಿದಳು.

ಕಂಡಕ್ಟರ್ ಕುಳಿತು, ಅವುಗಳನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. ಒಂದೊಂದೇ ಗೆಣ್ಣನ್ನು ಮುಟ್ಟಿದಳು. ಎಡಗೈಯ ಕಿರುಬೆರಳಿನ ಪಕ್ಕದ ಹಳೆಯ ಗಾಯದ ಗುರುತಿನ ಮೇಲೆ ಅವಳ ಬೆರಳು ನಿಂತಿತು, ಮುಂದೆ ಹೋಯಿತು. ಉಗುರುಗಳ ಬಳಿ ಬಂದಾಗ ಮುಖ ಅರಳಿತು.

"ಉಗುರು ಕಚ್ಚೋ ಚಟ ಅವನಿಗೆ. ಬೈದೂ ಬೈದೂ ಸಾಕಾಗಿತ್ತು. ಎಷ್ಟು ಚಂದ ಬಂದಿದೆ ನೋಡಿ, ನನಗೆ ಗೊತ್ತೇ ಇರಲಿಲ್ಲ."

ಟೈಲರ್ ನಕ್ಕಳು, ನಗುತ್ತಲೇ ಅತ್ತಳು. ಆಗ ಆ ಬೆರಳುಗಳು ಮಡಿಚಿಕೊಂಡವು. ದೊಡ್ಡ ಸಿಸ್ಟರ್ ಮೂಲೆಯಲ್ಲಿ ನಿಂತು ನೋಡುತ್ತಿದ್ದಳು. ಮಗನ ಬೆರಳುಗಳು ತಾಯಿಯ ಕೈಯನ್ನು ಹಿಡಿದವು; ಹಿಡಿದದ್ದು ಮಾತ್ರ ಟೈಲರ್, ತಾನಾಗಿ, ತನ್ನ ಮನಸ್ಸಿನಿಂದ.

"ನಿಮ್ಮ ಕೈ ಬೆಚ್ಚಗಿದೆ" ಎಂದಳು.

ಕಂಡಕ್ಟರ್ ತಲೆಯೆತ್ತಿದಳು. "ಗೊತ್ತಾಗುತ್ತಾ ನಿನಗೆ?"

"ಗೊತ್ತಾಗುತ್ತೆ."

ಬಾಗಿಲ ಬಳಿ ನಿಂತಿದ್ದ ಶಸ್ತ್ರವೈದ್ಯರು ಯಾವುದೋ ನೆಪ ಹೇಳಿ ಹೊರಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದ ದೊಡ್ಡ ಸಿಸ್ಟರ್‌ಗೆ, ಅವರು ವರಾಂಡದ ಕಿಟಕಿಯ ಬಳಿ ತಮ್ಮದೇ ಅಂಗೈಯನ್ನು ತಿರುವಿ ತಿರುವಿ ನೋಡುತ್ತ ನಿಂತಿದ್ದು ಕಂಡಿತು. ಅವಳೂ ಹೋಗಿ ಪಕ್ಕದಲ್ಲಿ ನಿಂತಳು. ಒಳಗಿನಿಂದ, ಬ್ಲೌಸಿನ ಅಳತೆಯೋ ಏನೋ, ಇಬ್ಬರು ಹೆಂಗಸರು ಮಾತಿಗಿಳಿದ ಸದ್ದು ಕೇಳಿಬರುತ್ತಿತ್ತು.