ಉಲ್ಲಂಕಿ ಹತ್ತಿರ ಬಂದಾಗ

ಬೈಂಡರ್‌ಗೆ ಭಾನುವಾರವೆಂದರೆ ಕಡಲತೀರ. ವಾರದ ಆರು ದಿನ ಅಚ್ಚುಕೂಟದಲ್ಲಿ ಗೋಂದು, ದಾರ, ರಟ್ಟುಗಳ ನಡುವೆ ಪುಸ್ತಕ ಕಟ್ಟುವ ಅವನು ಏಳನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಕ್ಯಾಮೆರಾ ಹೆಗಲಿಗೇರಿಸಿ, ನದಿ ಕಡಲು ಸೇರುವ ಕೆಸರು ಬಯಲಲ್ಲಿ ಇರುತ್ತಿದ್ದ. ನೀರಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ, ಮರಳು ತುಂಬಿದ ಚೀಲದ ಮೇಲೆ ಲೆನ್ಸ್ ಇಟ್ಟು ಉಲ್ಲಂಕಿಗಳಿಗಾಗಿ ಕಾಯುತ್ತಿದ್ದ. ಗುಬ್ಬಿಗಿಂತ ತುಸು ದೊಡ್ಡ, ಕಡ್ಡಿ ಕಾಲಿನ ಹಕ್ಕಿಗಳು. ನಿಂತು ಫೋಟೊ ತೆಗೆದರೆ ಕೆಸರಿನಲ್ಲಿ ಬಿದ್ದ ಕಲ್ಲಿನಂತೆ ಕಾಣುತ್ತವೆ. ಅವುಗಳ ಕಣ್ಣಿನ ಮಟ್ಟಕ್ಕೆ ಇಳಿದರೆ ಹಿಂದಿನ ನೀರೆಲ್ಲ ಕರಗಿ ಹಕ್ಕಿಯೊಂದೇ ಉಳಿಯುತ್ತದೆ. ಆದರೆ ಒಮ್ಮೆ ಮಲಗಿದ ಮೇಲೆ ಮಿಸುಕಾಡುವಂತಿಲ್ಲ.

ಮದುವೆಯಾದ ಹೊಸದರಲ್ಲಿ ಹೆಂಡತಿಯೂ ಪಕ್ಕದಲ್ಲೇ ಮಲಗುತ್ತಿದ್ದಳು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ಅವಳಿಗೂ ಅದೊಂದೇ ರಜೆ. ಬೇರೆ ಗಂಡ ಹೆಂಡಿರು ಸಿನಿಮಾಕ್ಕೆ ಹೋದರೆ ನಾವು ಎಮ್ಮೆಗಳ ಹಾಗೆ ಕೆಸರಲ್ಲಿ ಹೊರಳುತ್ತೇವೆ ಎಂದು ನಗುತ್ತಿದ್ದಳು. ಬರಬರುತ್ತಾ ಹಿಂದಿನ ಬಂಡೆಯ ಮೇಲೆ ಕೂರತೊಡಗಿದಳು. ಆಮೇಲೆ ಮನೆಯಲ್ಲೇ ಉಳಿದಳು. ಅವನು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಹೋದ ವರ್ಷ ಒಂದು ಭಾನುವಾರ ಅವಳ ಅಪ್ಪ ತೀರಿಕೊಂಡರು. ಏಳೆಂಟು ಸಲ ಫೋನ್ ಮಾಡಿದ್ದಳು. ಹಕ್ಕಿ ಬೆದರಬಾರದೆಂದು ಅವನು ಫೋನ್ ಆರಿಸಿ ಕ್ಯಾಮೆರಾ ಚೀಲದ ತಳಕ್ಕೆ ಹಾಕಿದ್ದ. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನ ಮೊಣಕೈಗೆ ಮೆತ್ತಿದ ಕೆಸರನ್ನು ಅವಳು ಒಮ್ಮೆ ನೋಡಿದಳು, ಏನೂ ಅನ್ನಲಿಲ್ಲ. ಅನ್ನಲಿಲ್ಲವಲ್ಲ, ಕ್ಷಮಿಸಿದ್ದಾಳೆ ಎಂದುಕೊಂಡ.

ಈ ಚಳಿಗಾಲದ ಒಂದು ಬೆಳಿಗ್ಗೆ ಅವಳು ತಾನೂ ಬರುತ್ತೇನೆಂದಳು. ಅವನಿಗೆ ಹಿಗ್ಗೋ ಹಿಗ್ಗು. ತನ್ನ ಸ್ವೆಟರ್ ಬಿಚ್ಚಿ, ಮಡಿಸಿ, ಅವಳ ಮೊಣಕೈ ಕೆಳಗೆ ಹಾಸಿಕೊಟ್ಟ. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಮಲಗಿದರು. ಉಬ್ಬರದ ನೀರು ಏರಿದಂತೆಲ್ಲ ಹಕ್ಕಿಗಳು ಇತ್ತಲೇ ಸರಿದುಬರುತ್ತಿದ್ದವು.

"ಒಂದು ಮಾತು ಹೇಳ್ಬೇಕು," ಎಂದು ಅವಳು ಪಿಸುಗುಟ್ಟಿದಳು. "ನನ್ನ ಕಡೆ ತಿರುಗ್ಬೇಡಿ. ಮುಖ ನೋಡಿದ್ರೆ ನಂಗೆ ಹೇಳೋಕಾಗಲ್ಲ."

ಅವನು ಹೂಂ ಎಂದ.

"ನಂಗೆ ವರ್ಗ ಆಗಿದೆ. ನಾನೇ ಕೇಳಿ ತಗೊಂಡೆ. ಬರೋ ತಿಂಗಳು ಅಮ್ಮನ್ನೂ ಕರ್ಕೊಂಡು ಹೋಗ್ತೀನಿ. ನೀವು ಬರೋದು ಬೇಡ." ನೀರಿನ ಕಡೆಗೇ ನೋಡುತ್ತ ಹೇಳಿದಳು: "ನೀವು ಕೆಟ್ಟವರಲ್ಲ ರೀ. ಆದ್ರೆ ಅವತ್ತು ಆಸ್ಪತ್ರೆ ವರಾಂಡದಲ್ಲಿ ಒಬ್ಳೇ ಕೂತಿದ್ನಲ್ಲ, ನಂಗೆ ಅದೇನೂ ಹೊಸದು ಅನ್ನಿಸ್ಲೇ ಇಲ್ಲ."

ತಿರುಗಬೇಕು, ಅವಳ ಕೈ ಹಿಡಿಯಬೇಕು ಅಂದುಕೊಂಡ. ಅಷ್ಟರಲ್ಲಿ ಉಲ್ಲಂಕಿಯೊಂದು ಎರಡು ಮಾರು ದೂರಕ್ಕೆ ಬಂದು, ಒಂದು ಕಾಲೆತ್ತಿ ನಿಂತು, ನೇರ ಲೆನ್ಸಿನೊಳಕ್ಕೇ ನೋಡಿತು. ಬೆರಳು ತಾನಾಗಿ ಕ್ಯಾಮೆರಾದ ಗುಂಡಿ ಒತ್ತಿತು.

ಆ ಸದ್ದು ಇಬ್ಬರಿಗೂ ಕೇಳಿಸಿತು.

ಅವಳು ಎದ್ದಳು. ಹಿಂಡೆಲ್ಲ ಒಮ್ಮೆಗೇ ಹಾರಿತು. ಸ್ವೆಟರಿನ ಕೆಸರು ಕೊಡವಿ ಬಂಡೆಯ ಮೇಲಿಟ್ಟು ಅವಳು ದಡ ಹತ್ತಿ ಹೋದಳು. ಅವನು ನೀರು ಎದೆ ಮುಟ್ಟುವವರೆಗೂ ಮಲಗಿಯೇ ಇದ್ದ.

ಆ ತಿಂಗಳು ಮನೆಯಲ್ಲಿ ಜಗಳವಾಗಲಿಲ್ಲ. ಅವಳ ಪಾತ್ರೆ, ಬಟ್ಟೆಗಳನ್ನು ಅವನೇ ರಟ್ಟಿನ ಪೆಟ್ಟಿಗೆಗಳಿಗೆ ತುಂಬಿ, ಅಚ್ಚುಕೂಟದಿಂದ ತಂದ ದಾರದಲ್ಲಿ ಬಿಗಿದು ಕಟ್ಟಿದ. ಒಂದು ಮಧ್ಯಾಹ್ನ ಅತ್ತೆ ಅಚ್ಚುಕೂಟಕ್ಕೇ ಬಂದರು. ಮಗಳು ಬಾಯಿಯೇ ಬಿಡುತ್ತಿಲ್ಲ ಎಂದು ಕಣ್ಣೊರೆಸಿಕೊಂಡರು.

"ಹೋಗ್ಬೇಡ ಅಂತ ನೀನಾದ್ರೂ ಒಂದು ಮಾತು ಅನ್ನಬಾರದಿತ್ತೇನಪ್ಪಾ?"

"ಅನ್ನೋಣ ಅಂತಲೇ ಇದ್ದೆ ಅತ್ತೆ," ಎಂದ. "ಅಷ್ಟರಲ್ಲಿ ಫೋಟೊ ತೆಗೆದುಬಿಟ್ಟೆ."

ಅತ್ತೆಗೆ ತಲೆಬುಡ ಗೊತ್ತಾಗಲಿಲ್ಲ. ಅಳಿಯನ ಗೋಂದು ಮೆತ್ತಿದ ಕೈಯನ್ನು ಸುಮ್ಮನೆ ಸವರಿ ಹೊರಟುಹೋದರು.

ಬೇಸಿಗೆಯಲ್ಲಿ ಅವನು ರಜೆ ಹಾಕಿ, ಎರಡು ಬಸ್ಸು ಬದಲಿಸಿ ಅವಳಿದ್ದ ಊರಿಗೆ ಹೋದ. ಅಂಚೆ ಕಚೇರಿಯಲ್ಲಿ ಎಲ್ಲರಂತೆ ಸಾಲಿನಲ್ಲಿ ನಿಂತ. ಸರದಿ ಬಂದಾಗ ಕೌಂಟರಿನ ಕಿಂಡಿಗೆ ಬಗ್ಗಿ, ವಾಪಸ್ ಬಾ ಎಂದ. ಅವಳು ಮೊದಲು ಊಟವಾಯಿತೇ ಎಂದು ಕೇಳಿದಳು. ಆಮೇಲೆ ಮೆಲ್ಲಗೆ, "ಇಲ್ಲ ರೀ, ಆಗಲ್ಲ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು, ಮಾತಿನಲ್ಲಿ ಅನುಮಾನವಿರಲಿಲ್ಲ.

ಹಿಂದೆ ನಿಂತವರು ಕೆಮ್ಮಿದರು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ವಾಪಸ್ ಹೋಗುವ ಬಸ್ಸಿಗೆ ಇನ್ನೂ ಮೂರು ಗಂಟೆಯಿತ್ತು.