ಕೆಂಪು ಗೆರೆಯವರು

ದೇವರ ಲೆಕ್ಕದಲ್ಲಿ ನಾವೆಲ್ಲ ಎಲ್ಲಿದ್ದೇವೋ ಅವನೇ ಬಲ್ಲ. ನೋಂದಣಿ ಕಚೇರಿಯ ಲೆಕ್ಕದಲ್ಲಿ ಮಾತ್ರ ಹೊಲಿಗೆಯಕ್ಕ ಸತ್ತುಹೋಗಿದ್ದಳು.

ಊರಿನ ಜನರ, ಅಂಗಡಿಗಳ ಹಳೆಯ ರಿಜಿಸ್ಟರುಗಳೆಲ್ಲ ಕಂಪ್ಯೂಟರಿಗೆ ಇಳಿದು ವಾರವಾಗಿತ್ತಷ್ಟೆ. ಅಕ್ಕ ತನ್ನ ಹೊಲಿಗೆ ಅಂಗಡಿಯ ನೋಂದಣಿ ಪತ್ರ ಹೊಸದು ಮಾಡಿಸಲು ಮಧ್ಯಾಹ್ನ ಬಂದಿದ್ದಳು. ಜೊತೆಗೆ ಅಂಗಡಿಯಲ್ಲಿ ಗುಂಡಿ, ಕಾಜಾ ಹಾಕುವ ನಾದಿನಿ. ಶಾಲೆಯ ಮಕ್ಕಳ ಇನ್ನೂರು ಅಂಗಿ ಹೊಲಿಯುವ ಕೆಲಸ ಇವರಿಗೇ ಎಂದಾಗಿತ್ತು. ಪತ್ರ ನಾಲ್ಕು ಗಂಟೆಯೊಳಗೆ ಶಾಲೆಗೆ ತಲುಪದಿದ್ದರೆ ಅದು ಬೇರೆಯವರ ಪಾಲು.

ಗುಮಾಸ್ತೆ ಕಂಪ್ಯೂಟರ್ ನೋಡಿದಳು, ಅಕ್ಕನನ್ನು ನೋಡಿದಳು, ಮತ್ತೆ ಕಂಪ್ಯೂಟರ್ ನೋಡಿದಳು.

“ಬೇಜಾರು ಮಾಡ್ಕೋಬೇಡಿ ಅಕ್ಕಾ. ಇದ್ರಲ್ಲಿ ನೀವು ತೀರಿಕೊಂಡಿದ್ದೀರಿ.”

“ಅದಕ್ಕೇ ಬೆಳಿಗ್ಗೆಯಿಂದ ನನಗೊಂದೂ ಬೈಗುಳ ಬಿದ್ದಿಲ್ಲ,” ಎಂದಳು ನಾದಿನಿ.

ಅಕ್ಕನಿಗೆ ನಗು ಬರಲಿಲ್ಲ. ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು.

ಗುಮಾಸ್ತೆ ಹಳೆಯ ರಿಜಿಸ್ಟರು ತರಿಸಿದಳು. ಅಕ್ಕನ ಹೆಸರಿನ ಕೆಳಗೆ ಉದ್ದಕ್ಕೂ ಕೆಂಪು ಗೆರೆ. ಗೆರೆ ಇದ್ದವರೆಲ್ಲ ಸತ್ತವರೆಂದೇ ತಿಳಿದು ಕಂಪ್ಯೂಟರಿಗೆ ಏರಿಸಿದ್ದರು. ಹಾಳೆ ತಿರುವಿದರೆ ಹಾಲಿನವರ ಹೆಸರಿಗೂ ಗೆರೆ. ಅವರು ಅಂದು ಬೆಳಿಗ್ಗೆಯೇ ಗುಮಾಸ್ತೆಯ ಮನೆಗೆ ಹಾಲು ಕೊಟ್ಟುಹೋಗಿದ್ದರು. ಇದು ಗೆರೆ ಎಳೆದವರನ್ನೇ ಕೇಳಬೇಕಾದ ಮಾತೆಂದು, ಹಿಂದಿನ ಬೀದಿಯಲ್ಲಿದ್ದ ನಿವೃತ್ತ ಗುಮಾಸ್ತರನ್ನು ಕರೆತರಲು ನಾದಿನಿ ಓಡಿದಳು. ಊರಿಗೆಲ್ಲ ಅವರು ದಫ್ತರದಜ್ಜ. ಗಿಡಕ್ಕೆ ನೀರು ಹಾಕುತ್ತಿದ್ದವರು ಒದ್ದೆ ಕೈಯಲ್ಲೇ ಬಂದರು.

ಅಜ್ಜ ಕನ್ನಡಕ ಏರಿಸಿ ಹಾಳೆ ನೋಡಿದರು. ಹಳೆಯ ಗೆಳೆಯರನ್ನು ಕಂಡಂತೆ ಮುಖ ಅರಳಿತು.

“ಸತ್ತವರಿಗೆ ಅಂಚಿನಲ್ಲಿ ಸೊನ್ನೆ ಹಾಕ್ತಿದ್ದೆ ಕಣಮ್ಮ. ಒಂದು ಸುಳ್ಳಿಲ್ಲದೆ, ಒಂದು ತಪ್ಪಿಲ್ಲದೆ ಅರ್ಜಿ ಬರೆದುಕೊಟ್ಟವರಿಗೆ ಈ ಗೆರೆ. ಇಂಥವರೂ ಇದ್ದಾರಲ್ಲ ಅಂತ ದಿನಾ ಒಂದ್ಸಲ ನೋಡಿ ಕೈಮುಗೀತಿದ್ದೆ.”

ಗುಮಾಸ್ತೆ ತಲೆ ಮೇಲೆ ಕೈಹೊತ್ತಳು. ಹಾಗಾದರೆ ಸೊನ್ನೆಯವರೆಲ್ಲ ಕಂಪ್ಯೂಟರಿನಲ್ಲಿ ಸುಖವಾಗಿ ಬದುಕಿದ್ದಾರೆ! ನಾದಿನಿ ಕಂಪ್ಯೂಟರಿನತ್ತ ಬಗ್ಗಿ, ಐದು ವರ್ಷದ ಹಿಂದೆ ತೀರಿಕೊಂಡ ತನ್ನ ತಾಯಿಯ ಹೆಸರು ಹುಡುಕಿದಳು.

“ಅತ್ತಿಗೆ, ನೆಟ್ಟಗೆ ಕೂತ್ಕೊಳ್ಳಿ. ನಿಮ್ಮತ್ತೆ ಇದ್ದಾರೆ.”

ಅಕ್ಕ ನಿಜಕ್ಕೂ ನೆಟ್ಟಗಾದಳು. ಆಮೇಲೆ ತನಗೇ ನಗು ತಡೆಯದೆ ಮೇಜಿಗೆ ಹಣೆ ಹಚ್ಚಿದಳು. ನಗು ಒಳಗಿನ ಕೋಣೆಯ ಅಧಿಕಾರಿಯವರೆಗೂ ಹೋಯಿತು. ಅವರು ಎದ್ದುಬಂದು ವಿಷಯ ಕೇಳಿ, ಅಕ್ಕ ಬದುಕಿದ್ದಾಳೆಂದು ಹೇಳಲು ಒಬ್ಬ ಸಾಕ್ಷಿ ಬೇಕೆಂದರು. ಅಜ್ಜ ಸಹಿ ಹಾಕಿದರು. ಅಧಿಕಾರಿ ಕಂಪ್ಯೂಟರಿನಲ್ಲಿ ಒಪ್ಪಿಗೆ ಒತ್ತಿದರು. ಪ್ರಿಂಟರಿನಿಂದ ಪತ್ರ ಬೆಚ್ಚಗೆ ಹೊರಬಂತು. ಉಳಿದ ಗೆರೆಯವರನ್ನು ಎಬ್ಬಿಸಲು ಅಜ್ಜ ಅಲ್ಲೇ ಕುರ್ಚಿ ಎಳೆದುಕೊಂಡರು.

ಅತ್ತಿಗೆ ನಾದಿನಿ ಏದುಸಿರು ಬಿಡುತ್ತ ಶಾಲೆ ಸೇರಿದಾಗ ನಾಲ್ಕಕ್ಕೆ ಐದು ನಿಮಿಷವಿತ್ತು. ಮುಖ್ಯೋಪಾಧ್ಯಾಯಿನಿ ಪತ್ರ ಓದಿ ತಲೆಯಾಡಿಸಿ, ಒಂದನೇ ತರಗತಿಯನ್ನು ಸಾಲಾಗಿ ನಿಲ್ಲಿಸಿದರು. ಅಕ್ಕ ಅಳತೆ ಟೇಪು ಬಿಚ್ಚಿದಳು. ಮೊದಲ ಮಗುವಿಗೆ ಕಂಕುಳಲ್ಲಿ ಕಚಗುಳಿಯಾಗಿ, ಸಾಲಿಗೆ ಸಾಲೇ ನಕ್ಕಿತು.