ಮೂರನೇ ತಿರುವಿನ ಹಳದಿ ಬಾವುಟ

ನಮ್ಮೂರ ಕಾರ್ ರೇಸಿನ ಟ್ರ್ಯಾಕು ಒಂದು ಸುತ್ತಿಗೆ ಅರ್ಧ ಮೈಲಿಯೂ ಇಲ್ಲ. ಮುಚ್ಚಿಹೋದ ಕುರ್ಚಿ ಕಾರ್ಖಾನೆಯ ಹಿಂದೆ, ಕೆಂಪು ಮಣ್ಣಿನ ದಿಬ್ಬವನ್ನು ಕಡಿದು, ಡಾಂಬರು ಹಾಕಿ ಮಾಡಿದ್ದು. ಶನಿವಾರ ಸಂಜೆ ಅಲ್ಲಿ ಕಾರು ಓಡಿಸುವವರು ವಾರವಿಡೀ ನಮ್ಮ ಮನೆಗಳ ನಲ್ಲಿ ರಿಪೇರಿ ಮಾಡುತ್ತಾರೆ, ಶಾಲೆಯ ಬಸ್ಸು ನಡೆಸುತ್ತಾರೆ. ಆರಂಭದ ಗೆರೆಯ ಮೇಲೆ, ಬೇಲಿಗೆ ಅಂಟಿಕೊಂಡ ಅಟ್ಟಣಿಗೆಯಲ್ಲಿ ನಿಂತು ಬಾವುಟ ಬೀಸುವವನು ನನ್ನಪ್ಪ, ವೆಂಡೆಲ್ ಪ್ರೂಯಿಟ್. ಹಸಿರು ಬೀಸಿದರೆ ಓಟ. ದಾರಿಯಲ್ಲಿ ಅಪಾಯ ಕಂಡು ಹಳದಿ ಬೀಸಿದರೆ ಎಲ್ಲರೂ ನಿಧಾನ. ಮುಂದಿದ್ದವನು ಕಷ್ಟಪಟ್ಟು ಗಳಿಸಿದ ಅಂತರವೆಲ್ಲ ಮಣ್ಣುಪಾಲಾಗಿ ಸಾಲು ಮತ್ತೆ ಒತ್ತೊತ್ತಾಗಿ ಕೂಡಿಕೊಳ್ಳುತ್ತದೆ. ಹಾಗಾಗಿ ಹಳದಿಯನ್ನು ಕಂಡರೆ ಯಾರಿಗೂ ಆಗುವುದಿಲ್ಲ. ಆದರೂ ಅಪ್ಪ ಬೀಸಿದ ಹಳದಿಯಿಂದ ಸೋತವನು ಕೂಡ ಕಾರಿನಿಂದಿಳಿದು, "ವೆಂಡೆಲ್‌ಗೆ ಏನೋ ಕಂಡಿರ್ಬೇಕು ಬಿಡು" ಎನ್ನುತ್ತಿದ್ದ.

ಕಾಲೇಜು ಮುಗಿಸಿ ಬಂದು ಕೌಂಟಿ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ನನಗೆ ನಾಲ್ಕು ಜನರ ನಡುವೆ ಮಾತು ಹೊರಡುವುದಿಲ್ಲ. ಶನಿವಾರ ಮಾತ್ರ ಮಾತಿನ ಅಗತ್ಯವೇ ಬೀಳುತ್ತಿರಲಿಲ್ಲ. ವೆಂಡೆಲ್ ಮಗಳು ಐವಿ ಎಂದರೆ ಬೆಂಚಿನಲ್ಲಿ ಜಾಗ ಬಿಡುತ್ತಿದ್ದರು, ಬೇಯಿಸಿದ ಕಡಲೆಕಾಯಿಯ ಪೊಟ್ಟಣ ತಾನಾಗಿಯೇ ಮಡಿಲಿಗೆ ಬರುತ್ತಿತ್ತು. ನಾನು ಕೂರುವುದು ಮಿಸ್ ಓರ್ಲೀನ್ ಪಕ್ಕದಲ್ಲಿ. ಆಕೆಯ ಮೊಮ್ಮಗ ಬ್ರೋಡಿ ನಮ್ಮ ಟ್ರ್ಯಾಕಿನ ಎಲ್ಲರಿಗಿಂತ ವೇಗವಾಗಿ ಕಾರು ಓಡಿಸುವವನು. ಕುಳಿತಲ್ಲಿ ನಡೆಯುವ ಮಾತೆಲ್ಲ ಟೀವಿಯಲ್ಲಿ ಬರುವ ರೇಸುಗಳನ್ನು ನಡೆಸುವ ದೊಡ್ಡ ಲೀಗಿನ ಮೇಲಿನ ಸಿಟ್ಟು.

"ಭಾನುವಾರದ ರೇಸ್ ನೋಡಿದ್ಯಾ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳುವರು.

"ಅರ್ಧ ನೋಡ್ದೆ ಮಾರಾಯ. ಆಮೇಲೆ ಹುಲ್ಲು ಕತ್ತರಿಸೋಕೆ ಹೋದೆ."

"ಹುಲ್ಲಿನ ಮಷೀನೇ ವಾಸಿ. ಸುತ್ತು ಸುತ್ತಿಗೂ ಜಾಹೀರಾತು ಬರಲ್ಲ."

"ಅಲ್ಲ, ಒಬ್ಬ ಸ್ವಲ್ಪ ಮುಂದೆ ಹೋಗೋ ಹಾಗಿಲ್ಲ ಕಣೋ. ಟ್ರ್ಯಾಕ್ ಮೇಲೆ ಏನೋ ಬಿದ್ದಿದೆ ಅಂತ ಹಳದಿ ಬೀಸಿ, ಆ ಸಂದೀಲಿ ಜಾಹೀರಾತು ಹಾಕೇ ಬಿಡ್ತಾರೆ. ಏನು ಬಿದ್ದಿದೆ, ತೋರ್ಸಪ್ಪ ಅಂದ್ರೆ ತೋರ್ಸಲ್ಲ."

ಆಗ ಮಿಸ್ ಓರ್ಲೀನ್ ಕಡಲೆಕಾಯಿಯ ಸಿಪ್ಪೆ ಉಗಿದು ತೀರ್ಪು ಕೊಡುವರು: "ನಮ್ ವೆಂಡೆಲ್‌ನ ಅಲ್ಲಿ ನಿಲ್ಲಿಸ್ಲಿ. ಒಂದೇ ವಾರಕ್ಕೆ ಎಲ್ಲ ಸರಿ ಹೋಗತ್ತೆ."

ಆ ವರ್ಷದ ವಸಂತದಲ್ಲಿ ಹಾಗೆಯೇ ಆಯಿತು. ನೋಡುವ ಜನ ಕಡಿಮೆಯಾಗುತ್ತಿದ್ದಾರೆ, ಹಿಂದೆ ಓಟ ನಡೆಸುತ್ತಿದ್ದ ಹಳೆಯ ಊರುಗಳಿಗೆ ಮರಳೋಣ ಎಂದು ಲೀಗಿನವರಿಗೆ ಅನ್ನಿಸಿತಂತೆ. ಒಂದು ಶನಿವಾರದ ಓಟವನ್ನು ನಮ್ಮಲ್ಲಿ ನಡೆಸುವುದಾಗಿ ಹೇಳಿದರು. ಬ್ರೋಡಿಗೆ ಆ ಒಂದು ದಿನದ ಮಟ್ಟಿಗೆ ಒಂದು ಕಾರು ಸಿಕ್ಕಿತು. ಬಾವುಟಕ್ಕೆ ನಮ್ಮಪ್ಪನೇ ಇರಲಿ ಎಂದರು. ಚರ್ಚಿನಲ್ಲಿ ಪಾದ್ರಿ ಅಪ್ಪನನ್ನು ಎದ್ದು ನಿಲ್ಲಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಅಪ್ಪ ಕತ್ತಿನವರೆಗೂ ಕೆಂಪಾಗಿ ಕೂತುಬಿಟ್ಟ. ನಾಚಿಕೆ ನನಗೆ ಎಲ್ಲಿಂದ ಬಂತೆಂದು ಅವತ್ತು ತಿಳಿಯಿತು.

ಓಟದ ಮಧ್ಯಾಹ್ನ ಲೀಗಿನ ಕಡೆಯವನು, ಪ್ರೆಸ್ಟನ್ ಎಂಬ ನನ್ನ ವಯಸ್ಸಿನವನು, ಅಟ್ಟಣಿಗೆಯ ಕೆಳಗೆ ಅಪ್ಪನಿಗೆ ಒಂದು ಇಯರ್‌ಫೋನ್ ಕೊಟ್ಟ. ನಾನು ಅಪ್ಪನ ನೀರಿನ ಬಾಟಲಿ ಹಿಡಿದು ಅಲ್ಲೇ ನಿಂತಿದ್ದೆ.

"ಇದರಲ್ಲಿ 'ಹಳದಿ' ಅಂತ ಕೇಳಿದ ತಕ್ಷಣ ಬೀಸಿ, ಸರ್. ಅಷ್ಟೇ."

"ನಂಗೇನಾದ್ರೂ ಕಂಡ್ರೆ?"

"ನೋಡೋದು ನಮ್ ಕೆಲಸ, ಸರ್. ಮೇಲ್ಗಡೆ ಕೋಣೇಲಿ ಎಲ್ಲ ತಿರುವಿಗೂ ಕ್ಯಾಮೆರಾ ಇದೆ. ನೀವು ಆರಾಮಾಗಿರಿ."

ಅಪ್ಪ ನಕ್ಕ. "ಅಂದ್ರೆ ಬಾವುಟಕ್ಕೊಂದು ಕೋಲು ಬೇಕಿತ್ತು. ಅದಕ್ಕೆ ನನ್ನ ಹುಡುಕಿದ್ರಿ ಅನ್ನಪ್ಪ."

"ಛೆ ಛೆ, ಹಾಗಲ್ಲ ಸರ್. ಊರಿನವರೇ ಇದ್ರೆ ಟೀವೀಲಿ ಚೆನ್ನಾಗಿ ಕಾಣತ್ತೆ."

ಅವನು ಕೆಟ್ಟವನಲ್ಲ. ಇಯರ್‌ಫೋನಿನ ತಂತಿಯನ್ನು ಅಪ್ಪನ ಕಾಲರಿನೊಳಗೆ ಮುಚ್ಚಟೆಯಿಂದ ಸೇರಿಸಿ, ಅಂಗಿ ನೇರ ಮಾಡಿ ಹೋದ. ತಂತಿ ಯಾರಿಗೂ ಕಾಣುವ ಹಾಗಿರಲಿಲ್ಲ.

ಓಟ ಚೆನ್ನಾಗಿಯೇ ನಡೆಯಿತು. ಬೇಸರವೆನ್ನುತ್ತಿದ್ದವರೆಲ್ಲ ಬೆಂಚಿನ ಮೇಲೆ ಹತ್ತಿ ನಿಂತಿದ್ದರು. ಕೊನೆಯ ಹೊತ್ತಿಗೆ ಬ್ರೋಡಿ ಮುಂದಿದ್ದ. ಕೂದಲೆಳೆಯಷ್ಟಲ್ಲ, ಹಿಂದಿನವನ ಕಾರಿನ ನಂಬರು ಓದಲಾಗದಷ್ಟು ಮುಂದಿದ್ದ. ಮಿಸ್ ಓರ್ಲೀನ್ ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದು, ಒಂದೇ ಸಮನೆ "ದೇವರೇ, ದೇವರೇ" ಅನ್ನುತ್ತಿದ್ದರು.

ಆಗ ಅಪ್ಪ ಬಲಗೈಯಿಂದ ಕಿವಿ ಒತ್ತಿಕೊಂಡ.

ಟ್ರ್ಯಾಕನ್ನು ನೋಡಿದ. ಮೊದಲ ತಿರುವು, ಹಿಂದಿನ ನೇರ ದಾರಿ, ಮೂರನೇ ತಿರುವು. ಮತ್ತೆ ಕಿವಿ ಒತ್ತಿಕೊಂಡ. ತುಟಿ ಅಲುಗಿತು, ಮೇಲಿನವರನ್ನು ಏನೋ ಕೇಳಿದಂತೆ. ನಾನೂ ಅವನು ನೋಡಿದಲ್ಲೆಲ್ಲ ನೋಡಿದೆ. ಡಾಂಬರು ಖಾಲಿಯಾಗಿ ಹೊಳೆಯುತ್ತಿತ್ತು. ಕಾರುಗಳು ಇನ್ನೊಮ್ಮೆ ಅವನ ಕಾಲ ಕೆಳಗೆ ಹಾದುಹೋದವು. ಅಪ್ಪ ಹಳದಿ ಬಾವುಟ ಎತ್ತಿದ.

ಸ್ಟ್ಯಾಂಡಿನ ಬೆಂಚುಗಳಲ್ಲಿದ್ದ ನಮ್ಮ ಜನ ಅಭ್ಯಾಸಬಲದಿಂದ ಅಪ್ಪ ಕೊನೆಗೆ ನೋಡಿದ್ದ ಮೂರನೇ ತಿರುವಿನ ಕಡೆ ಕತ್ತು ಚಾಚಿದರು. ಅಪ್ಪ ಬೀಸಿದ್ದಾನೆ, ಏನೋ ಇರಲೇಬೇಕು. ಏನೂ ಇರಲಿಲ್ಲ. ಯಾರೂ ಏನನ್ನೂ ಹೆಕ್ಕಲು ಓಡಲಿಲ್ಲ. ಸಾಲು ಕೂಡಿಕೊಂಡಿತು, ಮತ್ತೆ ಹಸಿರು ಬಿತ್ತು, ಮೊದಲ ತಿರುವಿನಲ್ಲೇ ಹಿಂದಿನವನೊಬ್ಬ ಬ್ರೋಡಿಯ ಕಾರಿನ ಬಾಲಕ್ಕೆ ಗುದ್ದಿದ. ಬ್ರೋಡಿಯ ಕಾರು ತಿರುಗಿ ಗೋಡೆಗೆ ಬೆನ್ನು ಒರಗಿಸಿ ನಿಂತಿತು. ಅವನಿಗೆ ಏನೂ ಆಗಲಿಲ್ಲ, ಓಟ ಮಾತ್ರ ಹೋಯಿತು.

"ಏನ್ ಕಂಡ್ತೋ ವೆಂಡೆಲ್, ಚಿಟ್ಟೆನಾ?"

"ಟೀವಿಯವ್ರು ಊಟಕ್ಕೆ ಕರೆದಿದ್ರಾ?"

ಮೊದಲ ಬಿಯರ್ ಡಬ್ಬ ಬೇಲಿಗೆ ಬಡಿಯಿತು. ಆಮೇಲೆ ಹಲವು. ನನಗೆ ಕಡಲೆಕಾಯಿ ಕೊಡುತ್ತಿದ್ದ ಕೈಗಳೇ.

ನಾನು ಮಿಸ್ ಓರ್ಲೀನ್ ಕಡೆ ತಿರುಗಿದೆ. ಗದ್ದಲದ ಮೇಲೆ ದನಿಯೆತ್ತಿ ಹೇಳಿದೆ: "ಅಪ್ಪಂದಲ್ಲ, ಮಿಸ್ ಓರ್ಲೀನ್. ಅವ್ರ ಕಿವೀಲಿ ಒಂದು ಇಯರ್‌ಫೋನ್ ಇದೆ. ಮೇಲಿಂದ ಹೇಳ್ತಾರೆ, ಅಪ್ಪ ಬೀಸ್ಬೇಕು."

ಅವರು ನನ್ನ ಮೊಣಕೈ ಬಿಟ್ಟರು. ಸಿಟ್ಟಿನಿಂದಲ್ಲ. "ಹೇಳಿದ್ರು ಅಂತಾನೇ ಇಟ್ಕೋ, ಐವಿ ಮರಿ. ಕೈ ಯಾರ್ದು?"

ಹಿಂದಿನ ಬೆಂಚಿನವನು ಬಗ್ಗಿ, "ಮಗಳು ತಾನೇ, ಪಾಪ, ಅಪ್ಪನ ಪರ ಮಾತಾಡ್ಲೇಬೇಕು" ಎಂದ. ಅವನ ದನಿಯಲ್ಲಿ ಕರುಣೆಯಿತ್ತು.

ಮರುದಿನ ಅಪ್ಪ ಚರ್ಚಿಗೆ ಬರಲಿಲ್ಲ. ಟ್ರ್ಯಾಕಿನ ಗೇಟಿನ ಬೀಗದ ಕೈ ಅವನಲ್ಲೇ ಇರುತ್ತದೆ. ಪ್ರಾರ್ಥನೆ ಮುಗಿಸಿ ಹೋಗಿ ನೋಡಿದರೆ ಮೂರನೇ ತಿರುವಿನಲ್ಲಿ ಬಗ್ಗಿಕೊಂಡು ನಡೆಯುತ್ತಿದ್ದ. ಗೋಡೆಯ ಬುಡದ ಟೈರಿನ ಪುಡಿಯನ್ನು ಶೂನಿಂದ ಕೆದಕುತ್ತಿದ್ದ. ಅಂಗೈಯಲ್ಲಿ ಒಂದು ಬಾಟಲಿಯ ಮುಚ್ಚಳ, ಒಂದು ತಂತಿಯ ತುಂಡು.

"ಇದು ಕ್ಯಾಮೆರಾಗೆ ಕಾಣತ್ತಾ?" ಎಂದು ಕೇಳಿದ.

"ಇಲ್ಲ ಅಪ್ಪ."

"ಇಯರ್‌ಫೋನ್ ಕೊಟ್ಟ ಆ ಹುಡುಗನ್ನ ಕೇಳ್ದೆ. ಮೂರನೇ ತಿರುವಲ್ಲಿ ಏನೋ ಇತ್ತು ಸರ್, ಅಂದ. ಏನು ಅಂದೆ. ಕೋಣೇಲಿದ್ದೋರಿಗೆ ಗೊತ್ತು ಅಂದ. ಅವ್ರು ಯಾರು ಅಂದೆ. ಅವ್ರು ಆಗ್ಲೇ ವಿಮಾನ ಹತ್ತಿದ್ರು."

"ಜನರಿಗೆ ಹೇಳು, ಅಪ್ಪ. ಕಿವೀಲಿ ಹೇಳಿದ್ರು ಅಂತ ಹೇಳಿಬಿಡು."

ಅಪ್ಪ ಮುಚ್ಚಳವನ್ನು ಬಹಳ ಹೊತ್ತು ತಿರುಗಿಸಿ ನೋಡಿದ. "ನಂಗೇನೂ ಕಾಣ್ಲಿಲ್ಲ ಅಂದ್ರೆ, ಕಾಣ್ದೆ ಬೀಸ್ದ ಅಂತಾಗತ್ತೆ. ಕಂಡಿತ್ತು ಅಂದ್ರೆ ಸುಳ್ಳಾಗತ್ತೆ. ಯಾವುದು ಹೇಳ್ಲಿ, ನೀನೇ ಹೇಳು."

ಅವನು ನಿಜವಾಗಿಯೂ ನನ್ನ ಉತ್ತರಕ್ಕೆ ಕಾಯುತ್ತಿದ್ದ. ಓದಿದವಳು, ಏನಾದರೂ ಹೊಳೆದೀತು ಎಂದು. ನಾನು ಅವನ ಜೊತೆ ಇನ್ನೊಂದು ಸಲ ಆ ತಿರುವನ್ನು ನಡೆದೆ, ಅಷ್ಟೇ.

ಮುಂದಿನ ಶನಿವಾರ ನಮ್ಮದೇ ಓಟ. ಇಯರ್‌ಫೋನ್ ಇಲ್ಲ, ಕ್ಯಾಮೆರಾ ಇಲ್ಲ. ಯಾರಾದರೂ ಅಪ್ಪನನ್ನು ಬೈಯುತ್ತಾರೆಂದು ಹೆದರಿದ್ದೆ, ಯಾರೂ ಬೈಯಲಿಲ್ಲ. ಅವನು ಏಣಿ ಹತ್ತುವಾಗ, "ವೆಂಡೆಲ್, ಇವತ್ತು ಜಾಹೀರಾತು ಎಷ್ಟೊತ್ತಿಗಪ್ಪಾ?" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಅಪ್ಪನೂ ನಕ್ಕು ಕೈ ಬೀಸಿದ. ಬ್ರೋಡಿ ಕಾರಿನಿಂದ ಕತ್ತು ಹೊರಹಾಕಿ, "ಮನಸ್ಸಿಗೆ ಹಚ್ಕೋಬೇಡಿ ಮಾವ, ಯಾರ್‌ಗಾದ್ರೂ ತಪ್ಪತ್ತೆ" ಎಂದ. ಅದನ್ನು ಕೇಳಿದಾಗ ಅಪ್ಪನ ನಗು ನಿಂತಿತು.

ಓಟ ಅರ್ಧಕ್ಕೆ ಬಂದಿರಬೇಕು. ಹಿಂದಿನ ನೇರ ದಾರಿಯಲ್ಲಿ ಒಂದು ಕಾರಿನ ಹೊಗೆ ಕೊಳವೆ ಕಳಚಿ, ಎರಡು ಸಲ ಪುಟಿದು, ದಾರಿಯ ನಡುವೆ ಅಡ್ಡ ಮಲಗಿತು. ನನಗೆ ಕಂಡಿತು. ಅಪ್ಪನಿಗೆ ನನಗಿಂತ ಮೊದಲೇ ಕಂಡಿರಬೇಕು, ಕೈ ಆಗಲೇ ಬಾವುಟದ ಮೇಲಿತ್ತು. ಆದರೆ ಅವನು ಎತ್ತಲಿಲ್ಲ. ಕತ್ತು ತಿರುಗಿಸಿ ನಮ್ಮ ಕಡೆ ನೋಡಿದ.

ಕಾರುಗಳು ಓಡುತ್ತಿರುವಾಗ ಅಪ್ಪ ಸ್ಟ್ಯಾಂಡಿನ ಕಡೆ ನೋಡಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಬೆಂಚಿನಿಂದ ಬೆಂಚಿಗೆ ಕಣ್ಣು ಹಾಯಿಸಿದ. ನಿಮಗೂ ಕಂಡಿತು ತಾನೇ ಎಂದು ಕೇಳುವಂತೆ. ಯಾರೂ ಅವನನ್ನು ನೋಡುತ್ತಿರಲಿಲ್ಲ. ನಾನು ಎದ್ದು ನಿಂತೆ, ಕೈ ಎತ್ತಿದೆ. ಅವನ ಕಣ್ಣು ನನ್ನನ್ನು ದಾಟಿ ಹೋಯಿತು. ಅಷ್ಟರಲ್ಲಿ ಒಂದು ನೀಲಿ ಕಾರು ಕೊಳವೆಯ ಮೇಲೆ ಹತ್ತಿ, ಟೈರು ಸಿಡಿದು, ಗೋಡೆಗೆ ಪಕ್ಕೆ ಉಜ್ಜಿಕೊಂಡು ಹೋಗಿ ನಿಂತಿತು. ಹಳದಿ ಆಮೇಲೆ ಎದ್ದಿತು.

ಕಾರಿನವನು ಕಿಟಕಿಯಿಂದ ಹೊರಬಂದು ಕೈಯಾಡಿಸಿದ. ಜನ ಚಪ್ಪಾಳೆ ತಟ್ಟಿದರು. ಕೊಳವೆಯನ್ನು ಎತ್ತಿ ತೋರಿಸಿದಾಗ ಚಪ್ಪಾಳೆ ಇನ್ನೂ ಜೋರಾಯಿತು.

"ನೋಡು, ಇದು ನಮ್ ವೆಂಡೆಲ್ಲು," ಎಂದು ಮಿಸ್ ಓರ್ಲೀನ್ ಮತ್ತೆ ನನ್ನ ಮೊಣಕೈ ಹಿಡಿದರು. "ಕೂತ್ಕೋ ಮರಿ, ಯಾಕೆ ನಿಂತಿದ್ದೀಯ? ಎಲ್ಲ ಸರಿಹೋಯ್ತು."

ಕಡಲೆಕಾಯಿಯ ಪೊಟ್ಟಣ ನನ್ನ ಮಡಿಲಿಗೆ ಬಂತು. ಮೇಲೆ ಅಪ್ಪ ಬೇಲಿಯ ಕಂಬಿಯನ್ನು ಎರಡೂ ಕೈಯಿಂದ ಹಿಡಿದು ನೀಲಿ ಕಾರನ್ನೇ ನೋಡುತ್ತಿದ್ದ. ಚಪ್ಪಾಳೆಗೆ ತಿರುಗಲಿಲ್ಲ.

ಹಸಿರು ಬಿದ್ದು ಓಟ ಮತ್ತೆ ಶುರುವಾಯಿತು. ನಾಲ್ಕನೇ ತಿರುವಿನಲ್ಲಿ ಒಂದು ಕಾರು ಹೊಗೆಯಾಡುತ್ತ ನಿಧಾನವಾದಾಗ ನಾನು ಅದರತ್ತ ನೋಡಲಿಲ್ಲ, ಅಪ್ಪನನ್ನೇ ನೋಡಿದೆ. ಅವನು ಮೊದಲು ನಮ್ಮ ಕಡೆ ನೋಡಿದ, ಆಮೇಲೆ ಬೀಸಿದ.